ಭಾಲ್ಕಿಯ ಗೋಡೆ ಫಿನ್‌ಲೆಂಡಿಗೆ ಹೋಗಿ ಬಂದದ್ದು

ಭಾಲ್ಕಿ

ನಾನು ವಾಸ್ತುಶಿಲ್ಪಿ ಎಂದು ಹೇಳಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ಬೀದರಿನಲ್ಲಿ ಹಾಗೆಂದರೆ ಜನ ತಕ್ಷಣ ಮೊಬೈಲ್ ತೆಗೆದು ತಮ್ಮ ಮನೆಯ ಫೋಟೋ ತೋರಿಸಿ, ಅಡುಗೆಮನೆ ಸರಿಯಾದ ದಿಕ್ಕಿಗಿದೆಯೇ ಎಂದು ಕೇಳುತ್ತಾರೆ. ವೈಜಿನಾಥ ಕಾಕಾ ಮೊದಲ ಭೇಟಿಯಲ್ಲೇ ನನ್ನನ್ನು "ಇಂಜಿನಿಯರ್ ಬಾಯಿ" ಎಂದು ಕರೆದು ಈ ತಂಟೆಯನ್ನು ಮುಗಿಸಿಬಿಟ್ಟರು. ನಮ್ಮ ಕಡೆ ಬಾಯಿ ಎಂದರೆ ಅಮ್ಮಾವ್ರು. ನಾನು ಇಂಜಿನಿಯರ್ ಅಲ್ಲ ಎನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕಾಕಾ ಅವರದು ತೊಗರಿಬೇಳೆಯ ಗಿರಣಿ. ಹೊಸ ಗಿರಣಿ ಊರ ಹೊರಗಿದೆ. ಹಳೆಯದು ಭಾಲ್ಕಿಯ ರೈಲು ನಿಲ್ದಾಣದ ಹತ್ತಿರ: ಎತ್ತರದ ತಗಡಿನ ಮಾಡು, ಸಾಗವಾನಿಯ ತೊಲೆಗಳು, ವರ್ಷಗಟ್ಟಲೆ ಹಾಕಿದ ಬೀಗ. ಅದನ್ನು ಊರಿಗೆ ಬಿಟ್ಟುಕೊಡುತ್ತೇನೆ, ಅಲ್ಲೊಂದು ಸಾರ್ವಜನಿಕ ಗ್ರಂಥಾಲಯ ಮಾಡಿ, ಜತೆಗೆ ಲ್ಯಾಪ್‌ಟಾಪ್ ಹಿಡಿದು ದುಡಿಯುವ ಹುಡುಗ ಹುಡುಗಿಯರು ಒಟ್ಟಿಗೆ ಕೂತು ಕೆಲಸ ಮಾಡುವ ಜಾಗವನ್ನೂ ಮಾಡಿ ಎಂದು ಅವರಾಗಿಯೇ ಮುಂದೆ ಬಂದರು. ಇಂಥ ಜಾಗಕ್ಕೆ ದೊಡ್ಡ ಊರುಗಳಲ್ಲಿ ಕೋವರ್ಕಿಂಗ್ ಎನ್ನುತ್ತಾರೆ. ಕಾಕಾ ಅದನ್ನು ಕೋಆಪರೇಟಿವ್ ಎಂದೇ ಕರೆಯುತ್ತಿದ್ದರು. ಅದನ್ನು ನಂಬಿ ಇಬ್ಬರು ಬೆಳೆ ಸಾಲ ಕೇಳಿಕೊಂಡು ಬಂದಿದ್ದೂ ಉಂಟು.

ಎಲ್ಲವೂ ಚೆನ್ನಾಗಿತ್ತು, ಒಂದು ಗೋಡೆಯ ಹೊರತು. ಗಿರಣಿಯ ನಟ್ಟನಡುವೆ ನೆಲದಿಂದ ಮಾಡಿನ ತನಕ ಒಂದು ಗೋಡೆ ಬರಬೇಕು ಎನ್ನುವುದು ಕಾಕಾರ ಹಟ. ಮುಂದಿನ ಭಾಗ ದುಡಿಯುವವರಿಗೆ. ಅಲ್ಲಿ ಗಾಜಿನ ಬಾಗಿಲು, ಬಾಗಿಲಲ್ಲಿ ಒಬ್ಬ ಕಾವಲುಗಾರ. ಹಿಂದಿನ ಭಾಗ ಪುಸ್ತಕಗಳಿಗೆ, ಅದಕ್ಕೆ ಗಲ್ಲಿಯ ಕಡೆಯಿಂದ ದಾರಿ.

"ದುಡಿಯೋರು ಒಂದ್ ಕಡಿ, ಓದೋರು ಒಂದ್ ಕಡಿ. ಎರಡೂ ಕೂಡಿಸಿದ್ರ ಎರಡೂ ಕೆಡ್ತಾವ್ರಿ," ಎಂದರು.

ನಾನು ಬರೆದ ನಕ್ಷೆಯಲ್ಲಿ ಗೋಡೆಯೇ ಇರಲಿಲ್ಲ. ಇಡೀ ಗಿರಣಿ ಒಂದೇ ಪಡಸಾಲೆ, ನಡುವೆ ಜನ ಕೂತು ಓದಲು ಅಗಲವಾದ ಮೆಟ್ಟಿಲುಗಳ ಒಂದು ದೊಡ್ಡ ಏರಿಕೆ. ಆ ಮೆಟ್ಟಿಲುಗಳ ಮೇಲೆ ನನಗೆ ಜೀವ. ಗೋಡೆಯೇ ಗೆದ್ದರೆ ಈ ಕೆಲಸ ಬಿಡುತ್ತೇನೆ ಎಂದು ಗೆಳತಿ ನುಸ್ರತ್‌ಗೆ ಹೇಳಿದ್ದೆ. ನುಸ್ರತ್ ಔರಾದಿನವಳು. ಅಲ್ಲಿನ ಒಂದು ಸಣ್ಣ ವಾಚನಾಲಯ ನೋಡಿಕೊಳ್ಳುತ್ತಿದ್ದಾಳೆ. ಹೊಸ ಗ್ರಂಥಾಲಯಕ್ಕೂ ಅವಳೇ ಬರಬೇಕೆಂದು, ಈ ಕೆಲಸಕ್ಕೆಂದೇ ಊರವರು ಕೂಡಿ ಮಾಡಿಕೊಂಡ ಸಮಿತಿ ಗೊತ್ತುಮಾಡಿತ್ತು.

"ಅರೇ, ನೀ ಬಿಟ್ರ ಅವ್ರು ಬ್ಯಾರೇದವ್ರ ಕೈಲೆ ಕಟ್ಟಸ್ತಾರ," ಎಂದಳು ನುಸ್ರತ್. "ನೀ ಹೋಗ್ತಿ, ಗೋಡಿ ಉಳೀತದ. ಅದ್ರಾಗೇನು ಫಾಯ್ದಾ?"

ಸಿಟ್ಟಿನಲ್ಲಿ ನಾನು, ಇಂಥ ಜೋಡಿ ಜಾಗಗಳನ್ನು ನಡೆಸುತ್ತಿರುವ ಹೊರದೇಶದ ಗ್ರಂಥಾಲಯಗಳಿಗೆಲ್ಲ ಬರೆದೆ. ಫಿನ್‌ಲೆಂಡಿನಿಂದ ಒಬ್ಬರು ಮಾತ್ರ ಉತ್ತರಿಸಿದರು: "ಬನ್ನಿ, ನೋಡಿ. ಚಳಿ ಇರುತ್ತದೆ." ಸಹಿ, ಲೀಸಾ. ನಾನು ಆ ಎರಡು ಸಾಲನ್ನು ಕಾಕಾರಿಗೆ ತೋರಿಸಿದ್ದು ಅವರ ಬಾಯಿ ಮುಚ್ಚಿಸಲಿಕ್ಕೆ. ಅವರು ಓದಿ, ಕನ್ನಡಕ ತೆಗೆದು, "ನಡೀರಿ ಮತ್ತ, ಹೋಗೂಣು," ಎಂದುಬಿಟ್ಟರು.

ಹೆಲ್ಸಿಂಕಿ ವಿಮಾನ ನಿಲ್ದಾಣ

ನಾವಿಬ್ಬರೂ ತಲುಪಿದೆವು, ಕಾಕಾರ ಪೆಟ್ಟಿಗೆ ತಲುಪಲಿಲ್ಲ. ಸಾಮಾನು ಸುತ್ತುವ ಪಟ್ಟಿಯ ಮೇಲೆ ನನ್ನದೊಂದೇ ಚೀಲ ಸುತ್ತಿ ಸುತ್ತಿ ಬರುತ್ತಿತ್ತು. ಅದರಲ್ಲಿ ನನ್ನ ಬಟ್ಟೆಗಿಂತ ಹೆಚ್ಚಾಗಿ ಕಾಕಾರ ಮನೆಯವರು ತುರುಕಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳಿದ್ದವು. ಕಾಕಾರ ಉಣ್ಣೆಯ ಕೋಟು, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಎಲ್ಲ ಯಾವುದೋ ಬೇರೆ ದೇಶದಲ್ಲಿ ಇಳಿದಿದ್ದವು.

"ರೊಟ್ಟಿ ಬಂದಾವಲ್ಲ, ಬಿಡ್ರಿ," ಎಂದರು ಕಾಕಾ.

ಹೊರಗೆ ಕಾಲಿಟ್ಟ ಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. ನಮ್ಮ ಬೀದರಿನಲ್ಲೂ ಡಿಸೆಂಬರಿನಲ್ಲಿ ಥಂಡಿ ಬೀಳುತ್ತದೆ. ಬೆಳಗಿನ ಹೊತ್ತು ಕೋಟೆಯ ಕಡೆ ಹೋದವರು ಬಾಯಲ್ಲಿ ಹೊಗೆ ಬಿಡುತ್ತಾ ಬರುತ್ತಾರೆ. ಅದು ಮೈಗೆ ತಗಲುವ ಚಳಿ. ಇದು ಮೂಳೆ ಹುಡುಕಿಕೊಂಡು ಬರುವ ಚಳಿ. ಮಧ್ಯಾಹ್ನದ ಚಹಾದ ಹೊತ್ತಿಗೆ ಕತ್ತಲಾಗಿತ್ತು. ನನ್ನ ಶಾಲು ಹೊದ್ದುಕೊಂಡು ನಿಂತ ಕಾಕಾ, ಭಾಲ್ಕಿ ಬಜಾರಿನಲ್ಲಿ ಯಾರಾದರೂ ತಮ್ಮನ್ನು ಹೀಗೆ ನೋಡಿದ್ದರೆ ಮರುದಿನ ನಾಚಿಕೆಗೆ ಗಿರಣಿಯ ಬಾಗಿಲು ತೆರೆಯಲಾಗುತ್ತಿರಲಿಲ್ಲ ಎಂದು ಎರಡು ಸಲ ಹೇಳಿದರು.

ಬಸ್ ನಿಲ್ದಾಣದಲ್ಲಿ ಕಲಿತ ಪಾಠ

ಲೀಸಾ ಅವರ ಗ್ರಂಥಾಲಯ ನಗರದ ಹೊರವಲಯದಲ್ಲಿ, ಸುತ್ತ ಕಾಡಿರುವ ಒಂದು ಬಡಾವಣೆಯಲ್ಲಿತ್ತು. ಬೆಳಗ್ಗೆ ಬಸ್ಸಿಗೆ ನಿಂತೆವು. ನಿಲ್ದಾಣದಲ್ಲಿ ನಾಲ್ಕಾರು ಜನ ಒಬ್ಬರಿಂದೊಬ್ಬರು ಅಷ್ಟು ದೂರ ನಿಂತಿದ್ದರು. ನಡುವೆ ಒಂದೊಂದು ಎಮ್ಮೆ ನಿಲ್ಲಿಸಬಹುದಿತ್ತು. ಅವರ ಬಸ್ಸು ಬಂತು, ಹತ್ತಿ ಹೋದರು. ಕೊನೆಗೆ ನಮ್ಮ ಬಸ್ಸೂ ಬಂತು. ಮುಂದುವರಿದ ದೇಶ, ನಿಲ್ದಾಣದಲ್ಲಿ ನಿಂತರೆ ಬಸ್ಸು ತಾನಾಗಿ ನಿಲ್ಲುತ್ತದೆ ಎಂದು ನಾವು ಕೈಕಟ್ಟಿ ಸಭ್ಯರಾಗಿ ನಿಂತೆವು. ಬಸ್ಸು ಅಷ್ಟೇ ಸಭ್ಯವಾಗಿ ನಮ್ಮನ್ನು ದಾಟಿ ಹೋಯಿತು.

ಮುಂದಿನದೂ ಹಾಗೇ. ಆಗ ಪಕ್ಕಕ್ಕೆ ಬಂದು ನಿಂತ ಹೆಂಗಸೊಬ್ಬರು, ನಮ್ಮನ್ನು ಸಾಕಷ್ಟು ಹೊತ್ತು ಗಮನಿಸಿ, ಕೈ ಎತ್ತಬೇಕು ಎಂದು ಸನ್ನೆ ಮಾಡಿ ತೋರಿಸಿದರು.

"ಅಂದ್ರ ನಮ್ಮ ಠಾಣಾ ಕುಶನೂರ ಬಸ್ಸಿನಂಗ!" ಎಂದು ಕಾಕಾ ಹುರುಪಾದರು. ಮೂರನೆಯ ಬಸ್ಸು ತಿರುವಿನಲ್ಲಿ ಕಾಣಿಸಿದ್ದೇ ರಸ್ತೆಗೆ ಒಂದು ಹೆಜ್ಜೆ ಇಳಿದು ಎರಡೂ ಕೈ ಬೀಸಿ "ಏ ರೋಕೋ! ರೋಕೋ!" ಎಂದು ಕೂಗಿದರು. ನನ್ನ ಕೆಂಪು ಶಾಲು ಗಾಳಿಗೆ ಹಾರುತ್ತಿತ್ತು. ಅಪಘಾತವಾಗಿದೆ ಎಂದುಕೊಂಡ ಚಾಲಕ ಗಾಬರಿಯಲ್ಲಿ ಬ್ರೇಕ್ ಒತ್ತಿದ.

ಒಳಗೆ ಇಡೀ ಬಸ್ಸು ಖಾಲಿ. ಕಿಟಕಿಯ ಪಕ್ಕ ಒಬ್ಬ ಮುದುಕ ಮಾತ್ರ ಕೂತಿದ್ದ. ಕಾಕಾ ನೆಟ್ಟಗೆ ಹೋಗಿ ಅವನ ಪಕ್ಕದಲ್ಲೇ ಕೂತು, "ಮಕ್ಕಳೆಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುದುಕ ಉತ್ತರಿಸಲು ಎರಡು ನಿಲ್ದಾಣ ತೆಗೆದುಕೊಂಡ. ಇಳಿಯುವಾಗ ಮಾತ್ರ ಕಾಕಾರ ಕೈ ಕುಲುಕಿ, "ಮೂವರು," ಎಂದ.

ಗ್ರಂಥಾಲಯ

ಲೀಸಾ ನಲವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಪ್ರಶ್ನೆ ಕೇಳಿದರೆ ಮೊದಲು ಕಿಟಕಿಯಾಚೆ ನೋಡುತ್ತಾರೆ. ಪ್ರಶ್ನೆ ಕೇಳಿಸಲಿಲ್ಲವೇನೋ ಎಂದು ನಾವು ಮತ್ತೆ ಕೇಳುವಷ್ಟರಲ್ಲಿ ಉತ್ತರ ಬರುತ್ತದೆ. ಶಾಲು ಹೊದ್ದ ಕಾಕಾರನ್ನು ಕಂಡ ಅವರು ಏನೂ ಕೇಳದೆ ಒಳಗೆ ಹೋಗಿ ಒಂದು ದಪ್ಪ ನೀಲಿ ಜಾಕೀಟು ತಂದುಕೊಟ್ಟರು. ಬಾಗಿಲ ಬಳಿ ಒಂದು ಗೂಟದ ಸಾಲಿದೆಯಂತೆ. ಬೇಡವಾದವರು ಬಟ್ಟೆ ತಂದು ತೂಗುಹಾಕುತ್ತಾರೆ, ಬೇಕಾದವರು ಒಯ್ಯುತ್ತಾರೆ. ಜಾಕೀಟಿನ ಜಿಪ್ ಕೆಟ್ಟಿತ್ತು. ಬೆಚ್ಚಗಂತೂ ಇತ್ತು.

ಒಳಗೆ ಪುಸ್ತಕಗಳಿದ್ದವು, ನಿಜ. ಆದರೆ ಮೊದಲು ಕಣ್ಣಿಗೆ ಬಿದ್ದದ್ದು ಜನ. ಉದ್ದನೆಯ ಮೇಜಿಗೆ ಸಾಲಾಗಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರು, ಅವರ ಬೆನ್ನಿಗೇ ಪತ್ರಿಕೆ ಹರಡಿಕೊಂಡ ನಿವೃತ್ತರು, ಶೂ ಬಿಚ್ಚಿ ಉಣ್ಣೆಯ ಕಾಲುಚೀಲದಲ್ಲಿ ಓಡಾಡುವ ಮಕ್ಕಳು. ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರಗಳು. ಕಪಾಟುಗಳಿಗೆಲ್ಲ ಚಕ್ರ. ಬೇಕಾದಂತೆ ತಳ್ಳಿಕೊಂಡು ಜಾಗ ಬದಲಿಸುತ್ತಾರೆ. ಗೋಡೆ ಎಲ್ಲಿಯೂ ಇರಲಿಲ್ಲ. ನಾನು ಕಾಕಾರ ಮುಖ ನೋಡಿದೆ. ಅವರು ನೋಡುತ್ತಿದ್ದುದು ಒಂದು ನಾಯಿಯನ್ನು.

ಕಂಬಳಿಯ ಮೇಲೆ ದೊಡ್ಡ ಕಂದು ನಾಯಿ ಮಲಗಿತ್ತು. ಪಕ್ಕದಲ್ಲಿ ಕೂತ ಏಳೆಂಟು ವರ್ಷದ ಹುಡುಗಿ ಅದಕ್ಕೆ ಪುಸ್ತಕ ಓದಿ ಹೇಳುತ್ತಿದ್ದಳು. ಓದಲು ತಡವರಿಸುವ ಮಕ್ಕಳು ಜನರ ಮುಂದೆ ನಾಚುತ್ತಾರೆ, ನಾಯಿಯ ಮುಂದೆ ನಾಚುವುದಿಲ್ಲ, ಅದಕ್ಕೇ ಈ ಏರ್ಪಾಡು ಎಂದು ಲೀಸಾ ವಿವರಿಸಿದರು.

"ನಾಯಿ ತಪ್ಪು ಹಿಡಿಯಂಗಿಲ್ಲ, ಖರೇ," ಎಂದು ಕಾಕಾ ತಲೆದೂಗಿದರು. "ನಮ್ಮ ಸಾಲಿ ಮಾಸ್ತರು ನಾಯಿ ಆಗಿದ್ರ ನಾನೂ ಮೆಟ್ರಿಕ್ ಪಾಸಾಗ್ತಿದ್ದೆ ನೋಡ್ರಿ."

ಅದನ್ನು ಅನುವಾದಿಸಬೇಕೆಂದು ಲೀಸಾ ಕೇಳಿದರು. ನಾನು ಮಾಡಲಿಲ್ಲ.

ಗಾಜಿನ ಡಬ್ಬಿ

ಅನಾಹುತ ನಡೆದದ್ದು ಕಾಕಾರ ಫೋನು ರಿಂಗಣಿಸಿದಾಗ. ಭಾಲ್ಕಿಯ ಹೊಸ ಗಿರಣಿಯಿಂದ ಕರೆ. ನಡೆಯುತ್ತಿರುವ ಗಿರಣಿಯ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು ಅದು.

"ಹಲೋ! ಲಾರಿ ಬಂತೇನು? ಏ, ಬಂತಾ ಅಂತ ಕೇಳ್ಲತೀನಿ!"

ಇಡೀ ಗ್ರಂಥಾಲಯ ತಲೆಯೆತ್ತಿತು. ನಾಯಿಯೂ ಎದ್ದು ಕೂತಿತು. ಲೀಸಾ ಮೆಲ್ಲಗೆ ಬಂದು, ನಿಂತುಕೊಂಡು ಮಾತಾಡಲೆಂದೇ ಮಾಡಿಟ್ಟ ಗಾಜಿನ ಡಬ್ಬಿಯೊಂದನ್ನು ತೋರಿಸಿದರು. ಹಳೆಯ ಟೆಲಿಫೋನ್ ಬೂತಿನಂಥದ್ದು, ಮುಂದಿನ ಗಾಜು ಬಿಟ್ಟು ಒಳಗೆಲ್ಲ ದಪ್ಪ ಉಣ್ಣೆಬಟ್ಟೆ ಹೊದಿಸಿದ್ದರು. ಕಾಕಾ ಒಳಹೊಕ್ಕು ಬಾಗಿಲು ಎಳೆದುಕೊಂಡರು. ಸದ್ದು ಕತ್ತರಿಸಿದ ಹಾಗೆ ನಿಂತಿತು.

ನಾನು ನೆಮ್ಮದಿಯಾಗಿ ಚಕ್ರದ ಕಪಾಟುಗಳ ಅಳತೆ ತೆಗೆಯಲು ಹೋದೆ. ಮತ್ತೆ ತಿರುಗಿ ನೋಡಿದಾಗ ಕಾಕಾ ಇನ್ನೂ ಗಾಜಿನೊಳಗೆ ಬಾಯಿ ತೆಗೆದು, ಕೈ ಬೀಸಿ ಮಾತಾಡುತ್ತಿದ್ದರು. ಲಾರಿಯದು ದೊಡ್ಡ ಸಮಸ್ಯೆಯೇ ಇರಬೇಕು ಎಂದುಕೊಂಡೆ. ಅವರು ನನ್ನ ಕಡೆ ಕೈ ಬೀಸಿದರು. ನಾನೂ ಬೀಸಿದೆ. ಅವರು ಗಾಜಿಗೆ ಅಂಗೈ ಹಚ್ಚಿ ತಟ್ಟಿದರು. ನಾನು ನಕ್ಕು ಅಳತೆ ಮುಂದುವರಿಸಿದೆ.

ಬಾಗಿಲ ಹಿಡಿಕೆ ಸಿಕ್ಕಿಕೊಂಡಿತ್ತು. ಭಾಲ್ಕಿಯ ಅತ್ಯಂತ ಗಟ್ಟಿದನಿಯ ಮನುಷ್ಯ ತನ್ನೆಲ್ಲ ಶಕ್ತಿ ಹಾಕಿ ಕೂಗುತ್ತಿದ್ದ, ಎದುರಿನಲ್ಲೇ ಇಪ್ಪತ್ತು ಮೂವತ್ತು ಜನ ಪ್ರಶಾಂತವಾಗಿ ಓದುತ್ತಿದ್ದರು. ಕೊನೆಗೆ ಫೋನು ಮಾಡಲು ಬಂದ ಅಜ್ಜಿಯೊಬ್ಬರು ಹೊರಗಿನಿಂದ ಹಿಡಿಕೆ ಎಳೆದಾಡಿ ಬಿಡಿಸಿದರು. ಕಾಕಾ ಬೆವರಿ ಹೊರಬಂದರು. ನಾನು ಕ್ಷಮೆ ಕೇಳುವಷ್ಟರಲ್ಲಿ ಅವರೇ ಕುರ್ಚಿಯಲ್ಲಿ ಕುಸಿದು ನಗತೊಡಗಿದರು, ಅದೂ ಸದ್ದಿಲ್ಲದೆ.

"ಇಂಜಿನಿಯರ್ ಬಾಯಿ, ನನ್ನ ದನಿ ಯಾರಿಗೂ ಕೇಳಲಾರದ್ದು ಹುಟ್ಟಿದಾಗಿಂದ ಇದೇ ಫಸ್ಟ್ ರೀ. ಮಂದಿ ಕಾಣ್ಲತಾರ, ಆದ್ರ ಒಬ್ಬರೂ ತಿರಗಿ ನೋಡವಲ್ರು. ಎದಿ ಝಲ್ ಅಂತು."



ಹಾವೊ

ಮರುದಿನ ಅವರಿಗೆ ಜಿಪ್ ಹುಚ್ಚು ಹಿಡಿಯಿತು. ಎರವಲು ಜಾಕೀಟನ್ನು ಕೆಟ್ಟ ಜಿಪ್ಪಿನೊಂದಿಗೆ ಹಿಂದಿರುಗಿಸುವುದು ಮರ್ಯಾದೆಯಲ್ಲ ಎಂದು, ಹೊಲಿಗೆ ಯಂತ್ರಗಳ ಮೂಲೆಗೆ ಹೋದರು. ಅಲ್ಲಿ ತಲೆಗೆ ಹಸಿರು ವಸ್ತ್ರ ಸುತ್ತಿದ್ದ ಒಬ್ಬ ಹೆಂಗಸು ಪರದೆಗಳ ರಾಶಿಯ ನಡುವೆ ಹೊಲಿಯುತ್ತಿದ್ದಳು. ಪಕ್ಕದ ಚಾಪೆಯ ಮೇಲೆ ವರ್ಷ ತುಂಬಿರದ ಮಗು. ಹೆಸರು ಹಾವೊ, ಸೊಮಾಲಿಯಾದಿಂದ ಬಂದವಳು. ಕಾಕಾ ಜಿಪ್ ತೋರಿಸಿದರು. ಅವಳು ಜಾಕೀಟು ತೆಗೆದುಕೊಂಡು ಮಗುವನ್ನು ಎತ್ತಿ ಕಾಕಾರ ಕೈಗೆ ಕೊಟ್ಟಳು. ಒಂದು ಮಾತೂ ಇಲ್ಲದೆ ವ್ಯವಹಾರ ಕುದುರಿತು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾಕಾ ಕಪಾಟುಗಳ ನಡುವೆ ತಿರುಗಿದರು. ಮಗು ಪುಸ್ತಕವೊಂದನ್ನು ಜಗ್ಗಿ ಕೆಳಗೆ ಕೆಡವಿತು. ಇವರು ಬಗ್ಗಿ ಎತ್ತಿಟ್ಟರು. ಮಗು ಮತ್ತೊಂದನ್ನು ಕೆಡವಿತು. ನಾನು ಹಾವೊಳ ಪಕ್ಕ ಕೂತು ಮಾತಿಗೆಳೆದೆ. ಅವಳ ಇಂಗ್ಲಿಷ್ ನನ್ನದಕ್ಕಿಂತ ಚುರುಕಾಗಿತ್ತು. ಈ ಬಡಾವಣೆಯ ಮನೆಗಳ ಪರದೆ, ಹಾಸಿಗೆಯ ಗವಸು ಎಲ್ಲ ಅವಳೇ ಹೊಲಿದುಕೊಡುತ್ತಾಳೆ. ಅಂಗಡಿ ಇಲ್ಲ, ಯಂತ್ರ ಸ್ವಂತದ್ದಲ್ಲ. ಈ ಮೂಲೆಯೇ ಅವಳ ಕಾರ್ಖಾನೆ.

"ಇಲ್ಲಿ ಯಂತ್ರ ಇದೆ ಎಂದು ನಿಮಗೆ ಹೇಳಿದ್ದು ಯಾರು?" ಎಂದು ಕೇಳಿದೆ.

"ಯಾರೂ ಇಲ್ಲ," ಎಂದಳು. "ಬಂದ ಹೊಸದರಲ್ಲಿ ಕೈ ಸೆಟೆದುಹೋಗಿತ್ತು. ಬೆಚ್ಚಗಾಗಲಿ ಎಂದು ಒಳಗೆ ಬಂದೆ. ಯಾರೂ ಏನೂ ಕೇಳಲಿಲ್ಲ. ಮರುದಿನವೂ ಬಂದೆ. ಆಗ ಯಂತ್ರ ನೋಡಿದೆ."

ಅಷ್ಟರಲ್ಲಿ ಕಾಕಾ ಮಗುವಿನೊಂದಿಗೆ ಹಿಂದೆ ಬಂದು ನಿಂತಿದ್ದರು. ನಾನು ಅವಳ ಮಾತನ್ನು ಕನ್ನಡದಲ್ಲಿ ಹೇಳಿದೆ. ಅವರು, "ಬಾಗಲದಾಗ ಒಬ್ಬ ಮನುಷ್ಯಾ ಕೂತು ಯಾರು ನೀ, ಎಲ್ಲಿಂದ ಬಂದಿ ಅಂತ ಕೇಳಿದ್ರ ಏನ್ ಮಾಡ್ತಿದ್ದಿ ಅಂತ ಕೇಳ್ರಿ," ಎಂದರು.

ಕೇಳಿದೆ. ಹಾವೊ ದಾರ ಕಚ್ಚಿ ತುಂಡರಿಸಿ ಹೇಳಿದಳು: "ತಿರುಗಿ ಹೋಗುತ್ತಿದ್ದೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಆ ದಿನಗಳಲ್ಲಿ ಎಲ್ಲ ಕಡೆ ಅದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು."

ಜಿಪ್ ಸರಿಯಾಗಿತ್ತು. ಮಗು ಮಾತ್ರ ತಾಯಿಯ ಕೈಗೆ ಹೋಗಲು ಒಪ್ಪಲಿಲ್ಲ. ಕಾಕಾರ ಮೀಸೆ ಹಿಡಿದುಕೊಂಡಿತ್ತು.

ಸಮುದ್ರದ ದಂಡೆ

ಸಂಜೆ ಎನ್ನಬೇಕೋ ಮಧ್ಯಾಹ್ನವೋ, ಬೆಳಕು ಹೋಗುವ ಹೊತ್ತಿಗೆ ಇಬ್ಬರೂ ಸಮುದ್ರದ ದಂಡೆಯಲ್ಲಿ ನಡೆದೆವು. ಬೆಂಚಿನ ಮೇಲೆ ಕೂತು ರೊಟ್ಟಿ ಬಿಚ್ಚಿದೆ. ಈ ದೇಶದವರೂ ಖಡಕ್ ರೊಟ್ಟಿ ತಿನ್ನುತ್ತಾರೆ. ರೈ ಎಂಬ ಧಾನ್ಯದ ಹಿಟ್ಟಿನದು, ನಡುವೆ ತೂತು. ಹಿಂದೆಲ್ಲ ಕೋಲಿಗೆ ಪೋಣಿಸಿ ಮಾಡಿಗೆ ತೂಗುಬಿಡುತ್ತಿದ್ದರೆಂದು ಲೀಸಾ ಹೇಳಿದ್ದರು. ನಮ್ಮ ಜೋಳದ ರೊಟ್ಟಿ ಕೊಟ್ಟಾಗ ಅವರು ಮುರಿದು, ಕಿವಿಯ ಹತ್ತಿರ ಸದ್ದು ಕೇಳಿ, ಒಪ್ಪಿಗೆ ಎಂಬಂತೆ ತಲೆಯಾಡಿಸಿದ್ದರು.

ಕಾಕಾ ಮಾತಾಡುತ್ತಿರಲಿಲ್ಲ. ಅದು ನನಗೆ ಹೊಸದು. ನಾನೇ ಶುರುಮಾಡಿದೆ.

"ಕಾಕಾ, ನಾನು ಭಾತಂಬ್ರಾದವಳು, ಗೊತ್ತಲ್ಲ? ಊರಾಗ ಒಂದು ವಾಚನಾಲಯ ಇತ್ತು. ಒಂದೇ ಕೋಣಿ. ಬಾಗಿಲು ಹಗಲೆಲ್ಲ ತೆರೆದೇ ಇರ್ತಿತ್ತು. ಹೊಸ್ತಿಲ ಮ್ಯಾಲ, ಕಟ್ಟಿ ಮ್ಯಾಲ ಗಂಡಸರು ಪೇಪರ್ ಹಿಡಕೊಂಡು ಕೂತಿರ್ತಿದ್ರು. ನಾನು ಸಾಲಿಯಿಂದ ಬರೂವಾಗ ದಿನಾ ಕಿಟಕಿಯಿಂದ ಒಳಗ ನೋಡ್ತಿದ್ದೆ. ಎದುರಿನ ಕಪಾಟಿನಾಗ ಒಂದು ಪುಸ್ತಕದ ರಟ್ಟಿನ ಮ್ಯಾಲ ಆನಿ ಚಿತ್ರ ಇತ್ತು. ಅದನ್ನ ಓದಬೇಕಂತ ಭಾಳ ಆಸೆ. ಹತ್ತನೇ ಕ್ಲಾಸ್ ಮುಗಿಯೋ ತನಕ ಒಂದ್ ದಿನಾನೂ ಒಳಗ ಹೋಗಲಿಲ್ಲ."

"ಯಾರಾರ ಬ್ಯಾಡ ಅಂದ್ರೇನು?"

"ಯಾರೂ ಅನಲಿಲ್ಲ. ಆದ್ರ ಆ ಹೊಸ್ತಿಲು ದಾಟಬೇಕಂದ್ರ ಯಾರಾದ್ರೂ ಕಾಲು ಸರಿಸಬೇಕಿತ್ತು. ನಮ್ಮ ಓಣಿ ಹುಡುಗಿಗಿ ಕಾಲು ಸರಿಸ್ರಿ ಅಂತ ಕೇಳೋ ಧೈರ್ಯ ಎಲ್ಲಿಂದ ಬರಬೇಕು?"

ನಮ್ಮದು ದಲಿತರ ಓಣಿ ಎಂದು ಅವರಿಗೆ ಗೊತ್ತು. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ನೋಡಿದ್ದಾರೆ, ಅದರ ಕೆಳಗೆ ಕೂತು ಚಹಾ ಕುಡಿದಿದ್ದಾರೆ. ಭಾತಂಬ್ರಾದಲ್ಲಿ ಅವರ ಬೀಗರೂ ಇದ್ದಾರೆ. ಆ ಕಟ್ಟೆಯ ಮೇಲೆ ಕೂತವರಲ್ಲಿ ಯಾರ್ಯಾರು ಇದ್ದಿರಬಹುದು ಎಂದು ಅವರಿಗೆ ನಾನು ಹೇಳಬೇಕಿರಲಿಲ್ಲ.

ಕಾಕಾ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಮತ್ತೆ ಗಂಟಿಗೆ ಹಾಕಿ ಕಟ್ಟಿದರು. 

"ಗೋಡಿ ಬ್ಯಾಡ," ಎಂದರು ಕೊನೆಗೆ. "ಕಾವಲಗಾರನೂ ಬ್ಯಾಡ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಅದನ್ನು ಅವರು ಗಮನಿಸಿರಬೇಕು. ತಕ್ಷಣ ನನ್ನ ಕಡೆ ತಿರುಗಿ ಮಂಡಿ ಮುಟ್ಟಿಕೊಂಡರು.

"ಆದ್ರ ನಿಮ್ಮ ನಕ್ಷಾನೂ ನಡಿಯಂಗಿಲ್ರಿ, ಬಾಯಿ. ಇಲ್ಲಿ ಮಂದಿ ಉಸಿರೂ ಸದ್ದಿಲ್ದ ತಗೋತಾರ. ನಮ್ಮ ಮಂದಿ ಹಂಗಲ್ಲ. ಮಾತು ಬೇಕು ನಮಗ. ತಗಡಿನ ಮಾಡಿನ ಕೆಳಗ ನಾಕ್ ಮಂದಿ ಮಾತಾಡಿದ್ರ ಸಂತಿ ಆಗ್ತದ. ಓದೋರು ಎದ್ದು ಹೋಗ್ತಾರ. ಮತ್ತ ಆ ಮೆಟ್ಟಲಾ ಮೆಟ್ಟಲಾ ಅಂತೀರಲ್ಲ, ಅಲ್ಲಿ ಯಾರು ಕೂಡ್ತಾರ? ನನ್ನಂಥ ಮುದಕ ಹತ್ತೂದಿಲ್ಲ. ನುಸ್ರತ್ ಬಾಯಿ ಬುರ್ಖಾ ಹಿಡಕೊಂಡು ಹತ್ತಬೇಕು. ಜಾಗಾ ಪೂರಾ ಅದೇ ನುಂಗ್ತದ."

ನಾನು ಸಿಟ್ಟಿಗೆದ್ದೆ. ಮೆಟ್ಟಿಲುಗಳಿಲ್ಲದಿದ್ದರೆ ಅದು ಬರೀ ಗೋದಾಮು ಎಂದೆ. ಅವರು, ಗೋದಾಮೇ ಅದ ಅದು, ಇಲ್ಲ ಅಂದವರ‍್ಯಾರು ಎಂದರು. ವಾಪಸ್ಸು ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಕೂತೆವು. ದೇಶದ ಪದ್ಧತಿಗೆ ಅದು ಸರಿಯಾಗಿಯೇ ಇತ್ತು.

ಹೋಟೆಲಿನಲ್ಲಿ ನಕ್ಷೆ ಹರಡಿಕೊಂಡು ಕೂತಾಗ ಮೆಟ್ಟಿಲುಗಳನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಉದ್ದನೆಯ ಮೇಜುಗಳಿಗೆ ಒಮ್ಮೆಲೇ ಜಾಗ ಸಿಕ್ಕಿತು. ಒಪ್ಪಲು ಮನಸ್ಸಿರಲಿಲ್ಲ. ಆದರೂ ಅವರು ಹೇಳಿದ್ದು ನಿಜವೇ ಆಗಿತ್ತು. ಆ ಮೆಟ್ಟಿಲುಗಳು ಓದುವವರಿಗಿಂತ ಫೋಟೋಕ್ಕೆ ಹೆಚ್ಚು ಚೆನ್ನಾಗಿದ್ದವು. ರಬ್ಬರ್ ಹುಡುಕಿದೆ.

ಕೊನೆಯ ದಿನ ಕಾಕಾರ ಪೆಟ್ಟಿಗೆ ಬಂತು. ಅವರು ಅದನ್ನು ತೆರೆಯಲೂ ಇಲ್ಲ. ಹಾಗೇ ಊರಿಗೆ ಹೊತ್ತು ತಂದರು.

ಮತ್ತೆ ಭಾಲ್ಕಿ

ಹೈದರಾಬಾದಿನಿಂದ ಬೀದರಿನ ದಾರಿಯಲ್ಲಿ ಚಹಾಕ್ಕೆ ಇಳಿದಾಗ ಹೋಟೆಲಿನವನು, ಲಾರಿಯವರು, ಪಕ್ಕದ ಮೇಜಿನ ಕುಟುಂಬ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನನ್ನ ಕಿವಿ ಗುಂಯ್‌ಗುಟ್ಟಿತು. ಕಾಕಾ ಕಣ್ಣು ಮುಚ್ಚಿ ಮಳೆಯಲ್ಲಿ ನೆನೆಯುವವರಂತೆ ನಿಂತಿದ್ದರು.

ಸಮಿತಿಯ ಸಭೆ ಹಳೆಯ ಗಿರಣಿಯಲ್ಲೇ ನಡೆಯಿತು. ಗೋಡೆ ಬೇಡ ಎಂದು ಕಾಕಾ ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಸಮಿತಿಯಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು ಎದ್ದು ನಿಂತರು.

"ಅಲ್ರೀ, ಹುಡುಗ್ರು ಹುಡುಗ್ಯಾರು ಒಂದೇ ಪಡಸಾಲ್ಯಾಗ ದಿನಪೂರ್ತಿ ಕೂತ್ರ ಮಂದಿ ಏನಂತಾರ? ಕೆಲಸಾ ಮಾಡೋ ನೆವಾ ಮಾಡಿ ಹರಟಿ ಹೊಡಿತಾರ. ಗೋಡಿ ಇರ್ಬೇಕ್ರಿ. ಮೊದ್ಲು ನೀವೇ ಅಂದಿದ್ರಿ."

ನುಸ್ರತ್ ಎದ್ದಳು. "ಸರ್, ನಾ ಪ್ರತಿ ಸಭಾಕ್ಕ ಔರಾದದಿಂದ ಬಸ್ಸಿಗಿ ಬರ್ತೇನಿ. ಹುಡುಗ್ರು, ಹುಡುಗ್ಯಾರು, ಮುದುಕರು, ಕೋಳಿ ಹಿಡಕೊಂಡವ್ರು, ಎಲ್ಲಾರೂ ಒಬ್ಬರ ಮ್ಯಾಲೊಬ್ಬರು ನಿಂತಿರ್ತೇವಿ. ಬಸ್ಸಿನಾಗ ಗೋಡಿ ಅದನೇನ್ರಿ? ಅಲ್ಲಿ ನಡೀತದ, ಪುಸ್ತಕ ಇದ್ದಲ್ಲಿ ಕಾಯ್ಕು, ಯಾಕ ನಡಿಯಂಗಿಲ್ಲ?"

ಹೆಡ್‌ಮಾಸ್ತರರು ಕೂತರು, ಒಪ್ಪಿ ಅಲ್ಲ, ಉತ್ತರ ಯೋಚಿಸಲು. ಆ ಸಂದಿನಲ್ಲಿ ಕಾಕಾ ಹಾವೊಳ ಕಥೆ ಹೇಳಿದರು. ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದರು. ಅವರ ಕಥೆಯಲ್ಲಿ ಹಿಮ ಸೊಂಟದ ತನಕ ಬಿದ್ದಿತ್ತು. ಭಾತಂಬ್ರಾದ ಮಾತನ್ನು ಮಾತ್ರ ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಯಾರ ಕಾಲೂ ಅಡ್ಡ ಇರಬಾರ್ದು, ಅಂಥಾ ಬಾಗಲಾ ಇಡೂಣು," ಎಂದಷ್ಟೇ ಹೇಳಿ ಕೂತರು.

ಹೊಸ ನಕ್ಷೆ ಹೀಗಾಯಿತು. ಗೋಡೆ ಇಲ್ಲ. ಮೆಟ್ಟಿಲುಗಳೂ ಇಲ್ಲ. ನಿಲ್ದಾಣದ ಕಡೆಯ ಮುಂಭಾಗದಲ್ಲಿ ಉದ್ದಕ್ಕೂ ಒಂದು ಜಗುಲಿ. ಮಾತಾಡುವವರು, ಫೋನಿನವರು, ಚಹಾದವರು ಅಲ್ಲಿ. ಒಳಗೆ ಒಂದೇ ಪಡಸಾಲೆ, ಓದುವವರೂ ದುಡಿಯುವವರೂ ಒಂದೇ ಉದ್ದದ ಮೇಜುಗಳಿಗೆ. ಮಾಡಿನ ಕೆಳಗೆ ಸದ್ದು ಹೀರಲು ಏನು ಹಾಕುವುದು ಎಂಬ ಚರ್ಚೆ ಬಂದಾಗ ನಾನು, ಲೀಸಾ ಅವರ ಗ್ರಂಥಾಲಯದ ಮಾಡಿಗೆ ಹಾಕಿದ್ದ ದಪ್ಪ ಉಣ್ಣೆಯ ಹಲಗೆಗಳ ಫೋಟೋ ಮುಂದಿಟ್ಟೆ. ನುಸ್ರತ್ ಸುತ್ತ ನೋಡಿ, "ಇಷ್ಟು ಗೋಣಿಚೀಲ ಬಿದ್ದಾವಲ್ಲ, ಹತ್ತಿ ತುಂಬಿ ಹೊಲದ್ರ ನಡಿಯಂಗಿಲ್ಲೇನು?" ಎಂದಳು. ಒಂದನ್ನು ಹೊಲಿಸಿ ತೂಗುಹಾಕಿ, ಕೆಳಗೆ ಕಾಕಾರನ್ನು ನಿಲ್ಲಿಸಿ ಫೋನಿನಲ್ಲಿ ಮಾತಾಡಿಸಿ ಪರೀಕ್ಷಿಸಿದೆವು. ನಡೆಯುತ್ತದೆ ಎಂದು ತೀರ್ಮಾನವಾಯಿತು. ಹೆಡ್‌ಮಾಸ್ತರರು ಕೊನೆಯ ತನಕ ಒಪ್ಪಲಿಲ್ಲ. ಆದರೆ ಪತ್ರಿಕೆಗಳ ಮೇಜು ಯಾವ ಕಿಟಕಿಗೆ ಬರಬೇಕು ಎಂದು ಹೇಳಲು ಈಗಲೂ ವಾರಕ್ಕೆ ಎರಡು ಸಲ ಬರುತ್ತಾರೆ.

ಕೆಲಸ ಇನ್ನೂ ಮುಗಿದಿಲ್ಲ. ಹೋದ ವಾರ ನಿಲ್ದಾಣದ ಕಡೆಯ ಮುಂಗೋಡೆ ಒಡೆದು ಬಾಗಿಲ ಜಾಗ ತೆರೆದರು. ಗಾರೆಯವರು ಒಳಗಿನ ಗಚ್ಚು ಕೆತ್ತುತ್ತಿದ್ದರು. ನಾನು, ಕಾಕಾ ಹಿಂದಿನ ಗಲ್ಲಿಯ ಕಡೆ ಹೋಗಿ ಬರುವಷ್ಟರಲ್ಲಿ, ತೆರೆದ ಜಾಗದಿಂದ ಒಬ್ಬ ಹೆಂಗಸು ಒಳಗೆ ಬಂದು, ಮಡಚಿಟ್ಟ ಗೋಣಿಗಳ ಮೇಲೆ ಕೂತು, ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ನಿದ್ದೆಹೋಗಿದ್ದಳು. ರೈಲಿಗೆ ಕಾಯುತ್ತಿದ್ದವಳಿರಬೇಕು. ಹೊರಗೆ ಬಿಸಿಲು ಉರಿಯುತ್ತಿತ್ತು.

ಮೇಸ್ತ್ರಿ ಅವಳನ್ನು ಎಬ್ಬಿಸಲು ಹೊರಟ. ಕಾಕಾ ಬೆರಳನ್ನು ತುಟಿಗೆ ಹಚ್ಚಿ ತಡೆದು, ಪಿಸುಮಾತಿನಲ್ಲಿ, "ಊಟಕ್ಕ ಹೋಗ್ರಿ ಎಲ್ಲಾರೂ. ಆಮ್ಯಾಲ ಕೆತ್ತಿದ್ರ ಆಯ್ತು," ಎಂದರು.

ಉಳಿಗಳು ನಿಂತವು. ನಾವು ಕಲ್ಲುಗಳ ಮೇಲೆ ಕೂತೆವು. ಎಷ್ಟೋ ಹೊತ್ತಿನ ಮೇಲೆ ರೈಲಿನ ಕೂಗಿಗೆ ಅವಳು ಬೆಚ್ಚಿ ಎದ್ದಳು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಳ್ಳುತ್ತಾ ಗಡಬಡಿಸಿದಳು.

"ತಪ್ಪಾಯ್ತ್ರಿ. ತೆರದಿತ್ತು ಅಂತ ಬಂದು ಕೂತ ಬಿಟ್ಟೆ. ಇಲ್ಲೇನು ಕಟ್ಲತೀರಿ?"

"ಲೈಬ್ರರಿ ಅವ್ವ," ಎಂದರು ಕಾಕಾ.

"ಅಯ್ಯ, ನಾ ಕೂಡಬಾರದಿತ್ತೇನೋ."

"ಕೂಡಲಾಕೇ ಕಟ್ಲತೇವಿ," ಎಂದರು ಅವರು.